ಕರೆಂಟ್ ಹೋದಾಗ ರೀಫ್ ಟ್ಯಾಂಕ್ ಉಳಿಸಲು ಜನರೇಟರ್ ತಗೊಳ್ಳಬೇಕಾ?

ಬೇಡ. 200 ಲೀಟರ್ ರೀಫ್ ಟ್ಯಾಂಕನ್ನು (ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್) ಕರೆಂಟ್ ಇಲ್ಲದಾಗ ಆರೇಳು ಗಂಟೆ ಪೂರ್ತಿ ಓಡಿಸೋಕೆ ಜನರೇಟರ್ ಒಳ್ಳೇದಾ, ಡಬಲ್ ಬ್ಯಾಟರಿ ಯುಪಿಎಸ್ ಒಳ್ಳೇದಾ ಅಂತ ಕೇಳಿದ್ದೀರಿ. ಪೂರ್ತಿ ಯಾಕೆ ಓಡಿಸಬೇಕು ಸ್ವಾಮಿ? ನಾನು ಕೆಟ್ಟಿದ್ದೇ ಪೂರ್ತಿ ಓಡಿಸೋಕೆ ಹೋಗಿ.

2024ರ ಜೂನ್ 2, ಭಾನುವಾರ. ಬೆಂಗಳೂರಲ್ಲಿದ್ದವರಿಗೆ ಆ ಮಳೆ ಮರೆತಿರಲ್ಲ, ಒಂದೇ ದಿನಕ್ಕೆ 111 ಮಿಲಿಮೀಟರ್. ಊರ ತುಂಬಾ ಮರ ಬಿದ್ದವು. ನಮ್ಮ ರಸ್ತೆಯ ಗುಲ್‌ಮೊಹರ್ ನೆಟ್ಟಗೆ ತಂತಿ ಮೇಲೇ ಬಿತ್ತು. ರಾತ್ರಿ ಊಟದ ಹೊತ್ತಿಗೆ ಹೋದ ಕರೆಂಟ್ ಬಂದಿದ್ದು ಮಾರನೇ ದಿನ ಮಧ್ಯಾಹ್ನ.

ನನಗೆ ಚಿಂತೆಯೇ ಇರಲಿಲ್ಲ. ಟ್ಯಾಂಕ್ ಇಟ್ಟಾಗಲೇ ಎಲೆಕ್ಟ್ರಿಷಿಯನ್ ಕರೆಸಿ ಅದರ ಹಿಂದಿನ ಪ್ಲಗ್ ಪಾಯಿಂಟನ್ನು ಯುಪಿಎಸ್ ಲೈನಿಗೆ ಹಾಕಿಸಿದ್ದೆ. ಅಲ್ಲಿಂದ ಒಂದು ಎಕ್ಸ್‌ಟೆನ್ಷನ್ ಬಾಕ್ಸ್, ಆ ಬಾಕ್ಸಿಗೆ ನೀರು ತಣ್ಣಗಿಡುವ ಚಿಲ್ಲರ್, ಕೆಳಗಿನ ತೊಟ್ಟಿಯಿಂದ ನೀರು ಮೇಲೆತ್ತುವ ರಿಟರ್ನ್ ಪಂಪ್, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ಟ್ಯಾಂಕಿನೊಳಗೆ ನೀರು ಕಲಕುವ ವೇವ್‌ಮೇಕರ್, ಲೈಟ್, ಎಲ್ಲಾ. ಎಡವಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಇದನ್ನೇ ಇನ್ನೂ ದೊಡ್ಡದಾಗಿ ಮಾಡಲು ಹೊರಟಿದ್ದೀರಿ.

ಮನೆಯ ಯುಪಿಎಸ್ ಬ್ಯಾಟರಿ ಮೇಲೆ 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಅಂತ ಬರೆದಿರುತ್ತೆ. ಗುಣಿಸಿದರೆ 1800 ವ್ಯಾಟ್ ಅವರ್. ಹೊಸ ಬ್ಯಾಟರಿಯಲ್ಲೂ ಅಷ್ಟು ಪೂರ್ತಿ ಕೈಗೆ ಸಿಗಲ್ಲ. ನನ್ನದಂತೂ ಹಳೇದು, ಡಿಸ್ಟಿಲ್ಡ್ ವಾಟರ್ ಯಾವಾಗ ಹಾಕಿದ್ದೆ ಅಂತ ನನಗೇ ನೆನಪಿರಲಿಲ್ಲ. ಇನ್ನು ಖರ್ಚು ನೋಡಿ: ಚಿಲ್ಲರ್ ಒಂದೇ ಸುಮಾರು 300 ವ್ಯಾಟ್, ಲೈಟ್ 100, ಪಂಪು ಸ್ಕಿಮ್ಮರ್ ಸೇರಿ 70. ಇದರ ಜೊತೆಗೆ ಮನೆಯ ಫ್ಯಾನು, ಟಿವಿ, ವೈಫೈ. ಚಿಲ್ಲರ್ ಕಂಪ್ರೆಸರ್ ಸ್ಟಾರ್ಟ್ ಆದಾಗಲೆಲ್ಲ ಹಾಲಿನ ಲೈಟ್ ಒಂದು ಸಲ ಕಣ್ಣು ಹೊಡೆಯುತ್ತಿತ್ತು. ಅದನ್ನು ನೋಡಿಯಾದರೂ ಬುದ್ಧಿ ಬರಬೇಕಿತ್ತು. ಮೀನಿಗೆ ಉಸಿರು ಕೊಡ್ತಿದ್ದ ವೇವ್‌ಮೇಕರ್ ತಿಂತಿದ್ದದ್ದು ಬರೀ 15 ವ್ಯಾಟ್. ಅದರ ಪಾಲನ್ನು ಚಿಲ್ಲರ್ ತಿಂದು ಮುಗಿಸಿತು, ಅದೂ ಹೊರಗೆ ಮಳೆ ಬಿದ್ದು ಮನೆಯೆಲ್ಲ ತಣ್ಣಗಿದ್ದ ರಾತ್ರಿ! ಆ ತಂಪಿಗೆ ಫ್ಯಾನ್ ನಿಂತಿದ್ದೂ ನಮಗೆ ಗೊತ್ತಾಗಲಿಲ್ಲ. ಯುಪಿಎಸ್ಸಿನ ಕೀಂ ಕೀಂ ಸದ್ದು ಮಳೆಯಲ್ಲಿ ಕೇಳಲೇ ಇಲ್ಲ.

ಬೆಳಗಿನ ಜಾವ ನೀರು ಕುಡಿಯಲು ಎದ್ದವನು ಟಾರ್ಚ್ ಬಿಟ್ಟು ನೋಡಿದೆ. ಎರಡೂ ಕ್ಲೌನ್ ಮೀನು ಮೂಲೆಯಲ್ಲಿ ನೀರಿನ ಮೇಲ್ಮಟ್ಟಕ್ಕೆ ಬಾಯಿ ಅಂಟಿಸಿಕೊಂಡಿದ್ದವು, ಕಿವಿರು ಪಟಪಟ ಅಂತಿತ್ತು. ಮರಳಿನಿಂದ ಹೊರಗೇ ಬಾರದ ಬಸವನಹುಳುಗಳೆಲ್ಲ ಗಾಜು ಹತ್ತಿ ನೀರಿನ ಗೆರೆಯ ಹತ್ತಿರ ಸಾಲಾಗಿ ಕೂತಿದ್ದವು. ಬ್ಲೂ ಟ್ಯಾಂಗ್ ಮೀನು ಕಲ್ಲಿನ ಸಂದಿಯಲ್ಲಿ ಅಡ್ಡ ಮಲಗಿತ್ತು. ಅಡುಗೆಮನೆಯಿಂದ ಚೊಂಬು ತಂದು ನೀರು ಎತ್ತಿ ಮೇಲಿಂದ ಹುಯ್ಯೋಕೆ ಶುರು ಮಾಡಿದೆ. ಕೈ ಸೋತಾಗ ಹೆಂಡತಿ, ಅವಳು ಸೋತಾಗ ನಾನು. ಕ್ಲೌನ್ ಉಳಿದವು. ಟ್ಯಾಂಗೂ ಒಂದು ಗೋಬಿ ಮೀನೂ ಹೋದವು. ಹವಳ ಕೆಲವು ದಿನ ಮುದುಡಿಕೊಂಡಿದ್ದು ಆಮೇಲೆ ಅರಳಿಕೊಂಡವು.

(ನನ್ನದು ಬರೀ ಮೆದು ಹವಳ: ಜೋವಾಂತಿಡ್, ಮಶ್ರೂಮ್, ಲೆದರ್. ಬಂಡೆ ಕಟ್ಟುವ ಗಟ್ಟಿ ಹವಳ ನಮ್ಮ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಅಂಗಡಿಯವನು ಏನೇ ಹೇಳಲಿ, ಅದರ ತಂಟೆಗೆ ಹೋಗಬೇಡಿ.)

ಕರೆಂಟ್ ಹೋದಾಗ ಟ್ಯಾಂಕನ್ನು ಮೊದಲು ಕೊಲ್ಲೋದು ಕತ್ತಲೆಯೂ ಅಲ್ಲ, ಬಿಸಿಯೂ ಅಲ್ಲ, ಆಮ್ಲಜನಕ ಇಲ್ಲದಿರೋದು. ಸುಮಾರು 26 ಡಿಗ್ರಿ ಬಿಸಿಯಲ್ಲಿ ಲೀಟರ್ ಸಿಹಿನೀರಲ್ಲಿ ಹೆಚ್ಚೆಂದರೆ 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತೆ, ಅದೇ ಬಿಸಿಯ ಸಮುದ್ರದ ನೀರಲ್ಲಿ ಆರೂವರೆ ಅಷ್ಟೇ. ಮೀನು, ಹವಳ, ಕಲ್ಲಿನೊಳಗಿನ ಬ್ಯಾಕ್ಟೀರಿಯಾ, ಎಲ್ಲಕ್ಕೂ ಅದರಲ್ಲೇ ಪಾಲು. ಹಗಲಲ್ಲಿ ಆಮ್ಲಜನಕ ಕೊಡುವ ಹವಳದೊಳಗಿನ ಪಾಚಿ ರಾತ್ರಿ ತಾನೂ ತಗೊಳ್ಳುತ್ತೆ. ಮೇಲ್ಮೈ ಅಲುಗದಿದ್ದರೆ ಹೊಸದು ಒಳಗೆ ಬರೋದು ತೀರಾ ನಿಧಾನ. ಲೈಟಿಲ್ಲದೆ ಹವಳ ಎರಡು ಮೂರು ದಿನ ಆರಾಮಾಗಿ ಇರುತ್ತೆ. ಸ್ಕಿಮ್ಮರ್ ಒಂದು ರಾತ್ರಿ ನಿಂತರೆ ಏನೂ ಆಗಲ್ಲ. ಅಮೆರಿಕದವರ ವಿಡಿಯೋ ನೋಡಿ ಟ್ಯಾಂಕಿಗೆ ಕಂಬಳಿ ಹೊದಿಸುವ ಯೋಚನೆಯೂ ಬೇಡ, ಅವರ ಹಿಮಗಾಲ ನಮಗಿಲ್ಲ.

ಈಗ ನನ್ನ ಯುಪಿಎಸ್ ಲೈನಿನಲ್ಲಿ ಟ್ಯಾಂಕಿನ ವೇವ್‌ಮೇಕರ್ ಒಂದೇ ಇದೆ. ಅದರ ಮೂತಿ ಮೇಲಕ್ಕೆ ತಿರುಗಿಸಿದ್ದೀನಿ, ನೀರಿನ ಮೇಲ್ಮೈ ಸದಾ ಕಲಕ್ತಾ ಇರುತ್ತೆ. ಯುಪಿಎಸ್ಸೂ ಕೈಕೊಟ್ಟರೆ ಅಂತ 12 ವೋಲ್ಟ್ 7 ಎಎಚ್ ಬ್ಯಾಟರಿಗೆ ಕಟ್ಟಿದ 3 ವ್ಯಾಟಿನ ಏರ್ ಪಂಪ್ ಬೇರೆ. ಕಂಪ್ಯೂಟರ್ ಯುಪಿಎಸ್ ಒಳಗಿರುತ್ತಲ್ಲ, ಅದೇ ಬ್ಯಾಟರಿ. ರಾತ್ರಿಯಿಡೀ ಬುಳುಬುಳು ಅನ್ನಿಸಲು ಅಷ್ಟು ಸಾಕು. ಪವರ್‌ಬ್ಯಾಂಕಿಗೆ ಯುಎಸ್‌ಬಿ ಏರ್ ಪಂಪ್ ಹಾಕ್ತೀನಿ ಅನ್ನೋರು ಮೊದಲು ಒಂದು ಗಂಟೆ ಓಡಿಸಿ ನೋಡಿ, ಲೋಡ್ ತೀರಾ ಕಮ್ಮಿ ಅಂತ ಎಷ್ಟೋ ಪವರ್‌ಬ್ಯಾಂಕ್ ತಾನಾಗಿ ಆಫ್ ಆಗಿಬಿಡುತ್ತೆ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಮೇಲೆ ಇರಲಿ, ಇಲ್ಲಾಂದ್ರೆ ನಿಂತಾಗ ಪೈಪಿನಲ್ಲಿ ನೀರು ವಾಪಸ್ ಬರುತ್ತೆ.

ಏಪ್ರಿಲ್ ಬಿಸಿಲಿಗೆ ಹೆದರಿಕೆ ಇದ್ದರೆ ಫ್ರೀಜರಿನಲ್ಲಿ ಎರಡು ಬಾಟಲಿ ನೀರು ಸದಾ ಗಟ್ಟಿಯಾಗಿರಲಿ. ಮುಚ್ಚಳ ಬಿಗಿ ಮಾಡಿ ಬಾಟಲಿ ಸಮೇತ ತೇಲಿಬಿಡಿ. ಐಸ್ ಹಾಗೇ ಸುರಿದರೆ ಉಪ್ಪಿನಂಶ ಇಳಿಯುತ್ತೆ. ಕರೆಂಟ್ ಬರೋವರೆಗೂ ಮೀನಿಗೆ ಊಟ ಹಾಕಬೇಡಿ.

ಒಂದು ಭಾನುವಾರ ಬೆಳಿಗ್ಗೆ, ನೀವು ಮನೆಯಲ್ಲೇ ಇದ್ದಾಗ, ಮೇನ್ ಸ್ವಿಚ್ ಆಫ್ ಮಾಡಿ ಕೂತು ನೋಡಿ. ರಿಟರ್ನ್ ಪಂಪ್ ನಿಂತಾಗ ಟ್ಯಾಂಕಿನ ನೀರು ಅದರ ಕೆಳಗಿನ ಸಂಪಿಗೆ (ಫಿಲ್ಟರ್ ತೊಟ್ಟಿಗೆ) ಇಳಿಯುತ್ತೆ, ಸಂಪ್ ಉಕ್ಕುತ್ತಾ ಇಲ್ವಾ ಅಂತ ಆಗಲೇ ಗೊತ್ತಾಗೋದು. ರಿಟರ್ನ್ ಪೈಪಿನಲ್ಲಿ ನೀರು ತಾನಾಗಿ ಹಿಂದಕ್ಕೆ ಹರಿಯೋದನ್ನು (ಸೈಫನ್) ನಿಲ್ಲಿಸುವ ಸಣ್ಣ ತೂತಿಗೆ ಪಾಚಿ ಕಟ್ಟಿದ್ದರೆ ನೆಲ ಒರೆಸಲು ರೆಡಿಯಾಗಿರಿ.

ಬಾಲ್ಕನಿಯಲ್ಲಿ ಪೆಟ್ರೋಲ್ ಜನರೇಟರ್ ಇಡ್ತೀನಿ ಅಂದ್ರಲ್ಲ, ಅದನ್ನಂತೂ ಮರೆತುಬಿಡಿ, ಅದರ ಹೊಗೆ ಮನೆಯೊಳಗೆ ಬಂದರೆ ಮೀನಿಗಿಂತ ಮೊದಲು ನೀವು ಹೋಗ್ತೀರಿ. ನಿಮ್ಮ ವೇವ್‌ಮೇಕರ್ ಅಡಾಪ್ಟರ್ ಮೇಲೆ ಔಟ್‌ಪುಟ್ ಎಷ್ಟು ವೋಲ್ಟ್ ಅಂತ ಇದೆ, ನೋಡಿ ಬರೆಯಿರಿ. ಡಿಸಿ 12 ಅಥವಾ 24 ಆಗಿದ್ದರೆ ಯುಪಿಎಸ್ಸಿನ ಹಂಗೇ ಇಲ್ಲದೆ ನೇರ ಬ್ಯಾಟರಿಯಿಂದ ಓಡಿಸಬಹುದು, ವೈರಿಂಗ್ ಹೇಗೆ ಅಂತ ಹೇಳ್ತೀನಿ.