ಹರಳಿಗೆ ಲೇಸರ್ ಬಿತ್ತು, ಬಿಳಿ ಚುಕ್ಕೆ ಎದ್ದಿತು!

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಎಲ್-ಆರ್ಜಿನೈನ್ ಫಾಸ್ಫೇಟ್ ಹರಳು ಬೆಳೆಸಿದೆ. ನಡುವೆ ದ್ರಾವಣಕ್ಕೆ ಬೂಷ್ಟು ಬಂತು, ಸೋಸಿ ಮುಂದುವರಿಸಿದೆ. ಹರಳು ಗಾಜಿನ ಹಾಗೆ ತಿಳಿಯಾಗಿತ್ತು. ಬೇರೊಂದು ಲ್ಯಾಬಿಗೆ ಒಯ್ದು 1064 ನ್ಯಾನೊಮೀಟರ್ ಲೇಸರ್ ಬಿಟ್ಟರೆ 1 ಮಿಲಿಜೌಲ್‌ಗೇ ಟಿಕ್ ಅಂತ ಸದ್ದು, ಒಳಗೆ ಬಿಳಿ ಚುಕ್ಕೆ. ಲೇಸರ್ ಏಟು ತಡೆಯುವುದರಲ್ಲಿ ಇದು ಕೆಡಿಪಿಗಿಂತ (ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಹರಳು) ಗಟ್ಟಿ ಅಂತ ಪೇಪರುಗಳಲ್ಲಿ ಬರೆದಿದ್ದಾರಲ್ಲ?
— ಓದುಗಿ, ದಾವಣಗೆರೆ

ಉತ್ತರ: ಸುಳಿವು ನೀವೇ ಕೊಟ್ಟಿದ್ದೀರಿ. ಒಂದಲ್ಲ, ಎರಡು. ಬೂಷ್ಟು ಮತ್ತು ‘1 ಮಿಲಿಜೌಲ್’.

ಮೊದಲು ಬೂಷ್ಟು. ಆರ್ಜಿನೈನ್ ಅಂದರೆ ಅಮೈನೋ ಆಮ್ಲ, ಜೊತೆಗೆ ಫಾಸ್ಫೇಟು. ಸೂಕ್ಷ್ಮಜೀವಿಗಳಿಗೆ ಹಬ್ಬದೂಟ ಬಡಿಸಿ ವಾರಗಟ್ಟಲೆ ಬೆಚ್ಚಗೆ ಇಟ್ಟಿದ್ದೀರಿ, ಬರದೆ ಇರುತ್ತವಾ? ಈ ಹರಳು ಬೆಳೆಸಿದವರೆಲ್ಲರ ಗೋಳು ಇದೇ. ಫಿಲ್ಟರ್ ಪೇಪರಿನಲ್ಲಿ ಸೋಸಿದರೆ ಕಣ್ಣಿಗೆ ಕಾಣುವ ಎಳೆ ಹೋಗುತ್ತದೆ, ಸಣ್ಣ ಬೀಜಕಣ ಮತ್ತು ಕರಗಿದ ಕೊಳೆ ಉಳಿಯುತ್ತದೆ, ಅದು ಹರಳಿನೊಳಗೆ ಸೇರಿಕೊಳ್ಳುತ್ತದೆ. ಶುದ್ಧ ಹರಳು 1064ರ ಬೆಳಕನ್ನು ಬಹುಪಾಲು ಹಾಗೇ ಬಿಟ್ಟುಬಿಡುತ್ತದೆ, ಆದರೆ ಕೊಳೆಯ ಕಣ ಅದನ್ನು ಹೀರಿ ಕೆಲವೇ ನ್ಯಾನೊಸೆಕೆಂಡಿನಲ್ಲಿ ಕೆಂಡವಾಗಿ ಸಿಡಿಯುತ್ತದೆ. ನಿಮಗೆ ಕೇಳಿದ ಟಿಕ್ ಬಹುಶಃ ಅದೇ. ಇಂಥ ಹರಳುಗಳಲ್ಲಿ ಅಣುಗಳನ್ನು ಹಿಡಿದಿಡುವುದು ಹೆಚ್ಚಾಗಿ ಹೈಡ್ರೋಜನ್ ಬಂಧದಂಥ ಸಡಿಲ ಕೊಂಡಿಗಳು, ಶಾಖವೂ ಬೇಗ ಹರಡುವುದಿಲ್ಲ, ಹಾಗಾಗಿ ಸುತ್ತ ಬಿರುಕು ಬಿಡುತ್ತದೆ. ಚುಕ್ಕೆ ಮೇಲ್ಮೈಯಲ್ಲಿದ್ದಿದ್ದರೆ ಪಾಲಿಶ್ ಗೀರಿನ ಮೇಲೆ ಅನುಮಾನ ಪಡುತ್ತಿದ್ದೆ. ಒಳಗಿದೆ ಅಂದಿರಿ, ಆದ್ದರಿಂದ ನನ್ನ ಬೆರಳು ಬೂಷ್ಟಿನ ಕಡೆಗೇ.

ಇದು ನನ್ನ ಊಹೆ ಮಾತ್ರ ಅಲ್ಲ. ಜಪಾನಿನ ಒಸಾಕಾದಲ್ಲಿ 1980ರ ದಶಕದಲ್ಲಿ ಕೆಡಿಪಿ ದ್ರಾವಣಕ್ಕೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಅತಿನೇರಳೆ ಬೆಳಕು ಬಿಡುತ್ತಾ ಹರಳು ಬೆಳೆಸಿ ನೋಡಿದರು. ಹರಳಿನ ತಾಳಿಕೆ ಏರಿತು. ವಸ್ತು ಅದೇ, ಕೊಳೆ ಕಮ್ಮಿ, ಅಷ್ಟೇ.

ಈಗ ನಿಮ್ಮ 1 ಮಿಲಿಜೌಲ್. ಬರೀ ಇಷ್ಟು ಹೇಳಿದರೆ ಏನೂ ಹೇಳಿದಂತಾಗಲಿಲ್ಲ, ಅದು ಎಷ್ಟು ಹೊತ್ತಿನಲ್ಲಿ, ಎಷ್ಟು ಜಾಗಕ್ಕೆ ಬಿತ್ತು ಅನ್ನುವುದೂ ಬೇಕು. ಪಲ್ಸ್ (ಬೆಳಕಿನ ಒಂದು ಏಟು) 10 ನ್ಯಾನೊಸೆಕೆಂಡ್, ಸ್ಪಾಟಿನ (ಬೆಳಕು ಬೀಳುವ ಜಾಗದ) ತ್ರಿಜ್ಯ 0.1 ಮಿಲಿಮೀಟರ್ ಅಂತಿಟ್ಟುಕೊಂಡರೆ ಚದರ ಸೆಂಟಿಮೀಟರಿಗೆ ಸುಮಾರು 0.32 ಗಿಗಾವ್ಯಾಟ್ ಬರುತ್ತದೆ. ತ್ರಿಜ್ಯ ನಿಜಕ್ಕೂ 0.05 ಇದ್ದರೆ? 1.27, ಅಂದರೆ ನಾಲ್ಕು ಪಟ್ಟು! ಸ್ಪಾಟನ್ನು ಅಳೆಯದೆ ಲೆನ್ಸಿನ ಲೆಕ್ಕದಿಂದಲೇ ಬರೆದುಬಿಡುವವರು ಜಾಸ್ತಿ, ನೀವು ಹಾಗೆ ಮಾಡಬೇಡಿ. ಅಂಚಿನ ಕಡೆಗೆ ಮಂದವಾಗುತ್ತಾ ಹೋಗುವ (ಗಾಸಿಯನ್) ಬೀಮಿನ ನಡುವೆ ತೀವ್ರತೆ ಸರಾಸರಿಗಿಂತ ಎರಡು ಪಟ್ಟು ಇರುತ್ತದೆ ಅನ್ನುವುದೂ ನೆನಪಿರಲಿ.

ಪಲ್ಸಿನ ಉದ್ದದಲ್ಲಿ ಇನ್ನೊಂದು ಮೋಸವಿದೆ. ನ್ಯಾನೊಸೆಕೆಂಡುಗಳ ಆಸುಪಾಸಿನಲ್ಲಿ ಹರಳು ತಡೆಯುವ ಜೌಲ್ ಲೆಕ್ಕ ಸರಿಸುಮಾರು ಪಲ್ಸ್ ಅವಧಿಯ ವರ್ಗಮೂಲದಂತೆ ಏರುತ್ತದೆ. ಹಾಗಾಗಿ ಅದೇ ಹರಳನ್ನು 10ರ ಬದಲು 1 ನ್ಯಾನೊಸೆಕೆಂಡಿನಲ್ಲಿ ಪರೀಕ್ಷಿಸಿದರೆ ಜೌಲ್ ಸುಮಾರು ಮೂರರಲ್ಲೊಂದಾದರೂ ಅವಧಿ ಹತ್ತರಲ್ಲೊಂದು, ಆದ್ದರಿಂದ ಗಿಗಾವ್ಯಾಟ್ ಅಂಕಿ ಮೂರು ಪಟ್ಟು ‘ಚೆನ್ನಾಗಿ’ ಕಾಣುತ್ತದೆ! ಪಲ್ಸ್ ಅವಧಿ ಬರೆಯದ ಪೇಪರಿನ ಅಂಕಿಯನ್ನು ನಾನಂತೂ ಪಕ್ಕಕ್ಕಿಡುತ್ತೇನೆ. ಒಂದೇ ಜಾಗಕ್ಕೆ ಎಷ್ಟು ಪಲ್ಸ್ ಬಿಟ್ಟರು ಅನ್ನುವುದನ್ನೂ ನೋಡಿ, ಒಂದು ಏಟು ತಡೆಯುವ ಜಾಗ ನೂರನೇ ಏಟಿಗೆ ಕೈಕೊಡಬಹುದು.

ಮುಂದಿನ ಸಲ 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ದ್ರಾವಣದ ಮೇಲೆ ಹೆಕ್ಸೇನ್ ಪದರ ಬಿಡುವವರಿದ್ದಾರೆ, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕುವವರೂ ಇದ್ದಾರೆ. ಬೂಷ್ಟು ಕಂಡರೆ ಆ ದ್ರಾವಣವನ್ನು ಚೆಲ್ಲಿಬಿಡಿ. ಹೊಟ್ಟೆ ಉರಿಯುತ್ತದೆ, ಗೊತ್ತು.

ಪ್ರಶ್ನೆ: ಹಸಿರು ಲೇಸರ್ ಪಾಯಿಂಟರಿನಲ್ಲೂ ಇಂಥ ಸಾವಯವ ಹರಳೇ ಇರುತ್ತಾ?
— ಪಿಯುಸಿ ವಿದ್ಯಾರ್ಥಿ, ಶಿರಸಿ

ಉತ್ತರ: ಇಲ್ಲ. 532 ನ್ಯಾನೊಮೀಟರಿನ ಮಾಮೂಲಿ ಪಾಯಿಂಟರಿನಲ್ಲಿ ಇರುವುದು ಕೆಟಿಪಿ, ಅಂದರೆ ಪೊಟ್ಯಾಸಿಯಂ ಟೈಟಾನಿಲ್ ಫಾಸ್ಫೇಟ್. ಕಣ್ಣಿಗೆ ಕಾಣದ 1064ರ ಬೆಳಕನ್ನು ಅದು ಅರ್ಧ ತರಂಗಾಂತರಕ್ಕಿಳಿಸಿ ಹಸಿರು ಮಾಡುತ್ತದೆ. ಯೂರಿಯಾ ಹರಳೂ ಈ ಕೆಲಸ ಮಾಡಬಲ್ಲದು, ಆದರೆ ತೇವ ಹೀರುತ್ತದೆ, 133 ಡಿಗ್ರಿಗೆ ಕರಗುತ್ತದೆ. ಜೇಬಿನಲ್ಲಿ ಹಾಕಿಕೊಂಡು ಓಡಾಡುವ ಸಾಮಾನಿಗೆ ಅದು ಆಗಿಬರುವುದಿಲ್ಲ. ಅಂದಹಾಗೆ, ಅಗ್ಗದ ಪಾಯಿಂಟರಿನಲ್ಲಿ ಆ ಕಾಣದ ಬೆಳಕನ್ನು ತಡೆಯುವ ಫಿಲ್ಟರ್ ಇಲ್ಲದೆಯೂ ಇರಬಹುದು, ಯಾರ ಕಣ್ಣಿಗೂ ಹಿಡಿಯಬೇಡಿ.