ಸ್ಟೀರಾಯ್ಡ್ ಹಾಕಿಸಿದ ಮೇಲೆ ತಂಗಿ ಮೊದಲಿನಂತಾಗಿದ್ದಾಳೆ, ಎಂ.ಎಸ್. ಔಷಧಿ ಈಗಲೇ ಬೇಕೇ?

ತಂಗಿ ಮತ್ತೆ ಚೆನ್ನಾಗಿ ನಡೆಯುತ್ತಿದ್ದಾಳೆ, ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂಬ ನರರೋಗಕ್ಕೆ ವರ್ಷಗಟ್ಟಲೆ ತೆಗೆದುಕೊಳ್ಳಬೇಕಾದ ದುಬಾರಿ ಔಷಧಿಯನ್ನು ಇನ್ನೊಂದು ಅಟ್ಯಾಕ್ ಬಂದಾಗ (ಕಾಯಿಲೆ ಮತ್ತೆ ಕೆರಳಿದಾಗ) ಶುರು ಮಾಡಿದರೆ ಸಾಲದೇ ಎಂದು ಕೇಳಿದ್ದೀರಿ. ಇದೇ ಮಾತನ್ನು ನಾನು ವೈದ್ಯರ ಎದುರಿಗೆ ಕುಳಿತು ಆಡಿದ್ದೆ.

ನಮ್ಮದು ಶಿಡ್ಲಘಟ್ಟ. ಮನೆಯ ಹಿಂಬದಿಯಲ್ಲೇ ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ಮಾರುಕಟ್ಟೆಯಿಂದ ಬಂದ ಗೂಡನ್ನು ಆರಿಸಿ ಬೇರ್ಪಡಿಸುವ ಕೆಲಸ ಮದುವೆಯಾಗಿ ಬಂದಾಗಿನಿಂದ ನನ್ನದು. ಒಂದು ಬೆಳಿಗ್ಗೆ ಬಲಗಣ್ಣನ್ನು ಹೊರಳಿಸಿದರೆ ನೋವಾಗತೊಡಗಿತು. ಸ್ವಲ್ಪ ದಿನಗಳಲ್ಲೇ, ಎಡಗಣ್ಣು ಮುಚ್ಚಿಕೊಂಡು ನೋಡಿದರೆ ಕೈಯಲ್ಲಿದ್ದ ಹಳದಿ ಗೂಡು ಹಲವು ಸಲ ಒಗೆದ ಬಟ್ಟೆಯಂತೆ ಬಣ್ಣಗೆಟ್ಟು ಕಾಣುತ್ತಿತ್ತು. ತೊಂದರೆ ಇರುವುದು ಕಣ್ಣಿನ ಹಿಂದಿನ ನರದ ಉರಿಯೂತದಲ್ಲಿ ಎಂದು ಕಣ್ಣಿನ ವೈದ್ಯರು ಬೆಂಗಳೂರಿಗೆ ಕಳುಹಿಸಿದರು. ಅಲ್ಲಿ ಮಿದುಳು ಮತ್ತು ಬೆನ್ನುಹುರಿಯ ಎಂಆರ್‌ಐ, ಬೆನ್ನಿನಿಂದ ನೀರು ತೆಗೆದು ಮಾಡುವ ಪರೀಕ್ಷೆ, ಇದನ್ನೇ ಹೋಲುವ ಎನ್‌ಎಂಒ ಎಂಬ ಕಾಯಿಲೆ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಅಕ್ವಾಪೋರಿನ್-4 ರಕ್ತಪರೀಕ್ಷೆ, ಎಲ್ಲವೂ ಆದ ಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ನ ಡ್ರಿಪ್ ಹಾಕಿಸಿಕೊಂಡು ಬಂದೆ. ಕೆಲವೇ ವಾರಗಳಲ್ಲಿ ಗೂಡಿನ ಬಣ್ಣ ಮರಳಿತು.

ನಾನು ಎಡವಿದ್ದು ಇಲ್ಲಿ. ಡ್ರಿಪ್ ಹಾಕಿದರು, ಕಣ್ಣು ಸರಿಹೋಯಿತು, ಆದ್ದರಿಂದ ಕಾಯಿಲೆ ವಾಸಿಯಾಯಿತು ಎಂದುಕೊಂಡೆ. ಈ ಕಾಯಿಲೆಯಲ್ಲಿ ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮೇಲಿನ ಮಯಲಿನ್ ಎಂಬ ಪೊರೆಯನ್ನು ಹಾಳುಮಾಡುತ್ತದೆ. ಸ್ಟೀರಾಯ್ಡ್ ಆ ಹೊತ್ತಿನ ಉರಿಯೂತವನ್ನು ಬೇಗ ಇಳಿಸುತ್ತದೆಯೇ ಹೊರತು ಹಾಳುಮಾಡುವ ಪ್ರವೃತ್ತಿಯನ್ನು ನಿಲ್ಲಿಸುವುದಿಲ್ಲ. ಕಣ್ಣಿನ ನರದ ಉರಿಯೂತದ ಬಗ್ಗೆ ಅಮೆರಿಕದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಡ್ರಿಪ್ ಪಡೆದವರ ದೃಷ್ಟಿ ಬೇಗ ಮರಳಿತು, ಆದರೆ ಆರು ತಿಂಗಳ ಹೊತ್ತಿಗೆ ಪಡೆಯದವರಿಗೂ ಅವರಿಗೂ ಹೆಚ್ಚಿನ ಅಂತರ ಉಳಿಯಲಿಲ್ಲ. ಎಂದರೆ ಡ್ರಿಪ್ ಇಲ್ಲದೆಯೂ ನನ್ನ ಕಣ್ಣು ನಿಧಾನವಾಗಿ ಸುಧಾರಿಸುವ ಸಾಧ್ಯತೆ ಇತ್ತು, ಮತ್ತು ಅದು ಸುಧಾರಿಸಿದ್ದರಿಂದ ಒಳಗೆ ಏನು ನಡೆಯುತ್ತಿದೆ ಎಂಬುದು ಕಿಂಚಿತ್ತೂ ತಿಳಿಯುತ್ತಿರಲಿಲ್ಲ. ವೈದ್ಯರು ಔಷಧಿಯನ್ನೂ ಮುಂದಿನ ಎಂಆರ್‌ಐಯನ್ನೂ ಬರೆದುಕೊಟ್ಟಿದ್ದರು. ಆರೋಗ್ಯವಾಗಿದ್ದೇನಲ್ಲ ಎಂದು ಎರಡನ್ನೂ ಮುಂದೂಡಿದೆ. ಸೊಂಟದಿಂದ ಕೆಳಗೆ ಜೋಮು ಹಿಡಿದು, ಮೂತ್ರದ ಹಿಡಿತ ತಪ್ಪಿದ ಮೇಲೆ ಸ್ಕ್ಯಾನ್ ಮಾಡಿಸಿದಾಗ, ನನಗೆ ಯಾವ ಲಕ್ಷಣವನ್ನೂ ತೋರಿಸದ ಜಾಗಗಳಲ್ಲೂ ಹೊಸ ಕಲೆಗಳು (ಹಾನಿಯ ಗುರುತುಗಳು) ಇದ್ದವು. ಈ ಸಲವೂ ಡ್ರಿಪ್ ಹಾಕಿದರು, ಆದರೆ ಕಾಲು ಪೂರ್ತಿ ಮರಳಲಿಲ್ಲ. ಇಂದಿಗೂ ಎಡಗಾಲಿನ ಚಪ್ಪಲಿ ಜಾರಿ ಹಿಂದೆ ಉಳಿದರೆ ನನಗೆ ತಿಳಿಯುವುದಿಲ್ಲ, ಯಾರಾದರೂ ಕೂಗಿ ಹೇಳಬೇಕು.

ಆದ್ದರಿಂದ "ಈಗಲೋ, ಆಮೇಲೋ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ಔಷಧಿಗಳು ಮುಂದಿನ ಅಟ್ಯಾಕ್‌ಗಳನ್ನೂ ಹೊಸ ಕಲೆಗಳನ್ನೂ ಕಡಿಮೆ ಮಾಡುತ್ತವೆ, ಹೋದದ್ದನ್ನು ಮರಳಿ ತರುವುದಿಲ್ಲ. ಹೀಗಿರುವಾಗ ಅಟ್ಯಾಕ್‌ಗಾಗಿ ಕಾಯುವುದರಲ್ಲಿ ಅರ್ಥವೇನಿದೆ? ರೋಗನಿರ್ಣಯ ಖಚಿತವಾಗಿದ್ದರೆ ನೀವು ಕೇಳಬೇಕಾದದ್ದು ಯಾವ ಔಷಧಿ ಎಂಬುದನ್ನು. ಗ್ಲಾಟಿರಾಮರ್, ಡೈಮಿಥೈಲ್ ಫ್ಯೂಮರೇಟ್, ಫಿಂಗೋಲಿಮೋಡ್ ಹೀಗೆ ಹಲವು ಇವೆ. ಖರ್ಚು ಚಿಂತೆಯಾಗಿದ್ದರೆ ಅದನ್ನು ಸಂಕೋಚವಿಲ್ಲದೆ ನರರೋಗ ತಜ್ಞರಿಗೆ ಹೇಳಿ: ರಿಟುಕ್ಸಿಮ್ಯಾಬ್ ಮೂಲತಃ ಬೇರೆ ಕಾಯಿಲೆಗಳ ಔಷಧಿಯಾದರೂ, ವೆಚ್ಚದ ಕಾರಣಕ್ಕೇ ನಮ್ಮಲ್ಲಿ ಎಂ.ಎಸ್.ಗೂ ಬಹಳ ಬಳಕೆಯಲ್ಲಿದೆ. ಅದಕ್ಕೆ ಮೊದಲು ಹೆಪಟೈಟಿಸ್ ಬಿ ಮತ್ತು ಕ್ಷಯದ ತಪಾಸಣೆ ಆಗಲೇಬೇಕು. ತಂಗಿಗೆ ಮಗುವಿನ ಯೋಚನೆ ಇದ್ದರೆ ಅದನ್ನೂ ಮೊದಲೇ ತಿಳಿಸಿ, ಏಕೆಂದರೆ ಟೆರಿಫ್ಲುನೊಮೈಡ್‌ನಂತಹವನ್ನು ಬಸಿರಿನಲ್ಲಿ ಕೊಡುವಂತಿಲ್ಲ. ಮಗುವಾದರೆ ಕಾಯಿಲೆ ಹೋಗುತ್ತದೆ ಎನ್ನುವ ಹಿರಿಯರ ಮಾತನ್ನು ದಯವಿಟ್ಟು ನಂಬಬೇಡಿ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಅಟ್ಯಾಕ್ ಕಡಿಮೆಯಾಗುವುದು ನಿಜ, ಆದರೆ ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಅದು ಹೆಚ್ಚಾಗುತ್ತದೆ.

ಇನ್ನೊಂದು ವಿಷಯ ನಿಮ್ಮನ್ನು ಬೇಸಿಗೆಯಲ್ಲಿ ಹೆದರಿಸುತ್ತದೆ. ಗೂಡು ಬೇಯುವ ಬಾಣಲೆಗಳ ಬಳಿ ನಿಂತಾಗ ನನ್ನ ಬಲಗಣ್ಣು ಮಂಜಾಗಿ, ಹೊರಗೆ ಬಂದು ತಣ್ಣೀರಿನಲ್ಲಿ ಮುಖ ತೊಳೆದು ಕುಳಿತರೆ ತಿಳಿಯಾಗುತ್ತದೆ. ಮೈ ಬಿಸಿಯಾದಾಗ ಹಳೆಯ ಲಕ್ಷಣ ಮರುಕಳಿಸುವ ಇದನ್ನು 1890ರಲ್ಲಿ ವಿವರಿಸಿದ ಜರ್ಮನ್ ವೈದ್ಯ ಊಟ್‌ಹಾಫ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಇದರಿಂದ ನರಕ್ಕೆ ಹೊಸ ಹಾನಿ ಆಗುವುದಿಲ್ಲ. ಜ್ವರ ಅಥವಾ ಸೋಂಕು ಇಲ್ಲದೆ ಹೊಸ ತೊಂದರೆ 24 ಗಂಟೆಗಿಂತ ಹೆಚ್ಚು ನಿಂತರೆ ಮಾತ್ರ ಅಟ್ಯಾಕ್ ಎಂದು ಅನುಮಾನಿಸಿ ವೈದ್ಯರಿಗೆ ಫೋನ್ ಮಾಡಿ. ಮೂತ್ರದ ಸೋಂಕೂ ಹಳೆಯ ಲಕ್ಷಣಗಳನ್ನು ಕೆರಳಿಸುವುದರಿಂದ ಮೂತ್ರಪರೀಕ್ಷೆ ಮೊದಲು ಆಗಲಿ.

ಮುಂದಿನ ಭೇಟಿಗೆ ಹೋಗುವಾಗ ಹಳೆಯ ಎಂಆರ್‌ಐನ ಸಿ.ಡಿ.ಯನ್ನೇ ಒಯ್ಯಿರಿ, ಬರೀ ವರದಿ ಸಾಲದು. ಔಷಧಿ ಶುರುವಾದ ಮೇಲೆ ಹೋಲಿಕೆಗಾಗಿ ಮುಂದಿನ ಸ್ಕ್ಯಾನ್ ಯಾವಾಗ ಎಂಬುದನ್ನು ಅಂದೇ ಕೇಳಿ, ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ.