ಕಾಸರಗೋಡಿನಲ್ಲಿ ಅಕೌಂಟೆಂಟ್ ಆಗಿದ್ದೇನೆ, ಬೆಳಗ್ಗಿಂದ ಸಂಜೆವರೆಗೆ ಕೆಲಸ. ಟೆಕ್ನಾಲಜಿ ಕಲಿಯಲು ಪೈಥಾನ್‌ನಿಂದ ಶುರು ಮಾಡಲೇ?

ಪೈಥಾನ್ ಆಮೇಲೆ ನೋಡಿಕೊಳ್ಳಿ. ಮೊದಲು ಪವರ್ ಕ್ವೆರಿ ಕಲಿಯಿರಿ, ಅಂದರೆ ಎಕ್ಸೆಲ್ ಒಳಗೆ ಡೇಟಾ ತಂದು ಸರಿಪಡಿಸುವ ಸಾಧನ. ಎಕ್ಸೆಲ್ 2016ರಿಂದ ಅದು ಡೇಟಾ ಟ್ಯಾಬ್‌ನಲ್ಲೇ ಇದೆ, ಬೇರೆ ದುಡ್ಡು ಕೊಡಬೇಕಿಲ್ಲ.

ಕಲಿಯಲು ಆಫೀಸಿನ ಕೆಲಸವನ್ನೇ ಹಿಡಿಯಿರಿ. ಬದಿಯಡ್ಕದ ಅಂಗಡಿಯೊಂದರ ಖರೀದಿ ಲೆಕ್ಕ ಅಂತ ಇಟ್ಟುಕೊಳ್ಳಿ. 14ನೇ ತಾರೀಕಿಗೆ ಜಿಎಸ್‌ಟಿಆರ್-2ಬಿ (ಮಾರಿದವರು ತೋರಿಸಿದ ಬಿಲ್‌ಗಳ ಜಿಎಸ್‌ಟಿ ಪಟ್ಟಿ) ಬರುತ್ತದೆ, ಅದನ್ನು ಟ್ಯಾಲಿಯ ಪರ್ಚೇಸ್ ರಿಜಿಸ್ಟರ್ ಜತೆ ತಾಳೆ ನೋಡಬೇಕು. ಬಿಲ್ ನಂಬರ್ ಒಂದು ಕಡೆ ‘045’, ಇನ್ನೊಂದು ಕಡೆ ‘45’. ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಇದ್ದರೂ ಎಕ್ಸೆಲ್‌ನ ಹುಡುಕುವ ಫಾರ್ಮುಲಾ ವಿಲುಕಪ್ ಕೈಕೊಡುತ್ತದೆ. ಈ ಸೊನ್ನೆ, ಸ್ಪೇಸ್ ತೆಗೆಯುವ ಹೆಜ್ಜೆಗಳನ್ನು ಪವರ್ ಕ್ವೆರಿಯಲ್ಲಿ ಒಮ್ಮೆ ಮಾಡಿಟ್ಟರೆ, ಮುಂದಿನ ತಿಂಗಳು ಹೊಸ ಫೈಲ್ ಹಾಕಿ ರಿಫ್ರೆಶ್ ಒತ್ತಿದರಾಯಿತು. ಬಿಲ್ ನಂಬರ್ ಜತೆ ಜಿಎಸ್‌ಟಿ ನಂಬರನ್ನೂ ಸೇರಿಸಿ ಮ್ಯಾಚ್ ಮಾಡಿ. ಇಬ್ಬರು ವ್ಯಾಪಾರಿಗಳ ಬಿಲ್ ನಂಬರ್ ಒಂದೇ ಇರಬಹುದು ಅಲ್ವಾ? ಇಂಥದ್ದು ನಿಮಗೆ ಥಟ್ಟನೆ ಹೊಳೆಯುತ್ತದೆ, ಬರೀ ಕೋಡಿಂಗ್ ಗೊತ್ತಿರುವವರಿಗೆ ಹೊಳೆಯುವುದಿಲ್ಲ. ನಿಮ್ಮ ಬೆಲೆ ಇರುವುದೇ ಅಲ್ಲಿ.

ಸಮಯದ ಮಾತು. ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ 20ಕ್ಕೆ ಮುಗಿಯುತ್ತದೆ. ಅಲ್ಲಿಂದ ತಿಂಗಳ ಕೊನೆವರೆಗೆ ದಿನಕ್ಕೆ ಅರ್ಧ ಗಂಟೆ ಕೂರಿ. ರಿಟರ್ನ್ ಸಲ್ಲಿಸುವ 11, 20ನೇ ತಾರೀಕುಗಳ ಗಡಿಬಿಡಿಯಲ್ಲಿ ಸುಮ್ನೆ ಹಠ ಮಾಡಬೇಡಿ. ಮಂಗಳೂರಿಗೆ ರೈಲಿನಲ್ಲಿ ಓಡಾಡುವವರಾದರೆ ವಿಡಿಯೋ ನೋಡಬಹುದು, ಆದರೆ ಫೈಲ್ ತೆರೆದು ಕೈಯಾರೆ ಮಾಡದೆ ಏನೂ ಬರುವುದಿಲ್ಲ.

ಇದು ಕೈಗೆ ಹತ್ತಿದ ಮೇಲೆ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ಆಮೇಲೆ ಪೈಥಾನ್. ಕೇಂದ್ರ ಸರ್ಕಾರದ ‘ಸ್ವಯಂ’ ಪೋರ್ಟಲ್‌ನಲ್ಲಿ ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಫೀಸು.

ಒಂದು ಎಚ್ಚರ: ಅಭ್ಯಾಸಕ್ಕೆಂದು ಕ್ಲೈಂಟ್‌ಗಳ ಲೆಕ್ಕವನ್ನು ಎಐ ಚಾಟ್‌ಗಳಿಗೆ ಹಾಕಬೇಡಿ. ಹೆಸರು, ಜಿಎಸ್‌ಟಿ ನಂಬರ್, ಮೊತ್ತ ಎಲ್ಲ ಬದಲಿಸಿದ ಫೈಲ್ ಒಂದನ್ನು ಬೇರೆಯೇ ಮಾಡಿಕೊಳ್ಳಿ.